ಅಪ್‌ಡೇಟ್: ಪಿಯಾನೋ ಕಲಿಕೆಗೆ ಒಂದು ವರ್ಷ

ನಲವತ್ತೆರಡರ ವಯಸ್ಸಿನಲ್ಲಿ, ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಸ್ವರಲಿಪಿ) ಓದಲೂ ಬಾರದವನು ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿಯಬಹುದೇ ಎಂದು ಕಳೆದ ವರ್ಷ ಕೇಳಿದ್ದೆ. ಅವಸರಪಡದೆ ಒಂದೊಂದೇ ಕೈಯನ್ನು ಪ್ರತ್ಯೇಕವಾಗಿ ಸಾಧನೆ ಮಾಡುವಂತೆ ಹಲವರು ಸಲಹೆ ನೀಡಿದ್ದಿರಿ.

ಮೊದಲು ಕಲಿತದ್ದು ಜಿ ಮೇಜರ್ ಶ್ರುತಿಯ ಮಿನುಯೆಟ್ ಎಂಬ ನೃತ್ಯಲಯದ ಪುಟ್ಟ ಕೃತಿ. ಬಹುಕಾಲ ಜರ್ಮನ್ ಸಂಗೀತ ರಚನಕಾರ ಬಾಖ್‌ನದೆಂದೇ ನಂಬಲಾಗಿದ್ದ ಈ ಕೃತಿ ಕ್ರಿಶ್ಚಿಯನ್ ಪೆಟ್ಜೋಲ್ಡ್‌ನ ರಚನೆ ಎಂದು ತಿಳಿದಾಗ ತುಸು ನಿರಾಸೆಯಾದದ್ದು ನಿಜ. ಅದರ 32 ಬಾರ್‌ಗಳಿಗೆ (ತಾಳದ ಆವರ್ತಗಳಂಥ ಭಾಗಗಳಿಗೆ) ಎರಡು ತಿಂಗಳು ಹಿಡಿಯಿತು.

ಅನಂತರ ಬಾಖ್‌ನದೇ ಆದ ಸಿ ಮೇಜರ್ ಪ್ರೆಲ್ಯೂಡ್ (ಪೀಠಿಕೆಯಂಥ ಕಿರುಕೃತಿ) ಕೈಗೆತ್ತಿಕೊಂಡೆ. ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಎಂಬ 1722ರ ಸಂಕಲನದ ಈ ಮೊದಲ ಕೃತಿಯಲ್ಲಿ ಎಡಗೈಗೆ ಎರಡು ಸ್ವರ, ಬಲಗೈಗೆ ಮೂರು ಸ್ವರ, ಹೆಚ್ಚುಕಡಿಮೆ ಕೊನೆಯವರೆಗೂ ಅದೇ ವಿನ್ಯಾಸ. ಆದರೂ ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿದಾಗ, ಬಲಗೈಯ ಹೆಬ್ಬೆರಳು ಪ್ರತಿ ಸಲವೂ ಬಾಗಿಲು ಬಡಿದಂತೆ ಎದ್ದು ಕೇಳುತ್ತಿತ್ತು. ಮಣಿಕಟ್ಟನ್ನು ಸಡಿಲಬಿಟ್ಟು, ಅರ್ಧ ವೇಗದಲ್ಲಿ ನುಡಿಸುತ್ತಾ, ಆ ಒಂದು ಬೆರಳನ್ನು ಪಳಗಿಸಲು ಐದು ವಾರ ಬೇಕಾಯಿತು. ನಾದವನ್ನು ಹಿಡಿದಿಡುವ ಪೆಡಲ್ ಅಂತೂ ಇನ್ನೂ ಕಾಲಿಗೆ ಒಗ್ಗಿಲ್ಲ. ಸ್ವರಮೇಳ ಬದಲಾದ ಮೇಲೂ ಹಳೆಯ ನಾದ ಮಸುಕಾಗಿ ಉಳಿಯುತ್ತದೆ.

ಈಗ ಬೀಥೋವನ್‌ನ ‘ಫ್ಯೂರ್ ಎಲೀಸ್’ ನಡೆಯುತ್ತಿದೆ. ಎಲ್ಲರಿಗೂ ಪರಿಚಿತವಾದ ಆರಂಭ ಬರುತ್ತದೆ, ನಡುವಿನ ವೇಗದ ಭಾಗ ಬರುವುದಿಲ್ಲ.