ಚರ್ಮದ ಡಾಕ್ಟರನ್ನು ಕೇಳಿ: ಸ್ಕ್ಯಾನ್ ನೋಡಿ ಹಾಕುವ ಫಿಲ್ಲರ್

ಸುಮಾ: ನಮಸ್ತೆ ಡಾಕ್ಟ್ರೇ. ಅಲ್ಟ್ರಾಸೌಂಡ್ ಸ್ಕ್ಯಾನ್ ನೋಡಿಕೊಂಡೇ ಮುಖಕ್ಕೆ ಫಿಲ್ಲರ್ (ಉಬ್ಬು ತುಂಬಲು ಚರ್ಮದಡಿ ಚುಚ್ಚುವ ಇಂಜೆಕ್ಷನ್) ಹಾಕುತ್ತಾರಂತೆ. ಬೇಕಾ ಅದು? ಖರ್ಚೆಷ್ಟು?

ಡಾಕ್ಟರ್: ನಮಸ್ತೆ. ಇದ್ದರೆ ಒಳ್ಳೆಯದು. ರಕ್ತನಾಳ ಎಲ್ಲರ ಮುಖದಲ್ಲೂ ಒಂದೇ ಕಡೆ ಇರುವುದಿಲ್ಲ. ಸೂಜಿ ಚುಚ್ಚುವ ಮೊದಲೇ ಅದು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಕಾಣುತ್ತದೆ.

ಪ್ರಕಾಶ್: ಸುಕ್ಕಿಗೆ ಹಾಕುವ ಬೊಟಾಕ್ಸ್‌ಗೂ ಬೇಕಾ ಸರ್?

ಡಾಕ್ಟರ್: ಸಾಮಾನ್ಯವಾಗಿ ಬೇಡ.

ರಶ್ಮಿ: ತಂಗಿ ನಿನ್ನೆ ಪಾರ್ಲರ್‌ನಲ್ಲಿ ಮೂಗಿಗೆ ಫಿಲ್ಲರ್ ಹಾಕಿಸಿಕೊಂಡಳು. ಆಗಲೇ ತುದಿ ಬಿಳಿಚಿಕೊಂಡಿತ್ತು. ಈಗ ಬಲೆಯ ಹಾಗೆ ನೀಲಿ ಗೆರೆ ಎದ್ದಿದೆ, ನೋವು ಜಾಸ್ತಿ. ಬರೀ ಊತ ಅಂದರು.

ವೀಣಾ: ಐಸ್ ಇಟ್ಟು ಅರಿಶಿನ, ಲೋಳೆಸರ ಹಚ್ಚಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿತ್ತು.

ಡಾಕ್ಟರ್: ವೀಣಾ ಅವರೇ, ದಯವಿಟ್ಟು ಬೇಡ. ಐಸ್ ಇಟ್ಟರೆ ರಕ್ತನಾಳ ಇನ್ನೂ ಬಿಗಿಯುತ್ತದೆ.

ರಶ್ಮಿ, ಇದು ಊತ ಅಲ್ಲ ಅನ್ನಿಸುತ್ತಿದೆ. ಫಿಲ್ಲರ್ ಒಳಗೆ ಹೋಗಿ ನಾಳ ಕಟ್ಟಿಕೊಂಡಿರಬಹುದು. ನಾಳೆಗೆ ಕಾಯಬೇಡಿ, ಈಗಲೇ ಚರ್ಮದ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಹಾಕಿದ್ದು ಹೈಲುರಾನಿಕ್ ಆಸಿಡ್ ಎಂಬ ಜೆಲ್ ಫಿಲ್ಲರ್ ಆಗಿದ್ದರೆ ಹೈಲುರಾನಿಡೇಸ್ ಇಂಜೆಕ್ಷನ್ ಅದನ್ನು ಕರಗಿಸುತ್ತದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಹರಿಯುವ ರಕ್ತ ಕೆಂಪು, ನೀಲಿಯಾಗಿ ಕಾಣುತ್ತದೆ. ಆ ಬಣ್ಣ ಎಲ್ಲಿ ನಿಂತಿದೆಯೋ ಅಲ್ಲಿಗೇ ಗುರಿಯಿಟ್ಟು ಔಷಧಿ ಕೊಡಬಹುದು. ಸ್ಕ್ಯಾನ್ ಇಲ್ಲದಿದ್ದರೆ ಅದಕ್ಕಾಗಿ ತಡ ಮಾಡುವುದು ಬೇಡ. ಮೂಗಿನ ನಾಳಗಳಿಗೂ ಕಣ್ಣಿನ ನಾಳಕ್ಕೂ ಸಂಬಂಧವಿದೆ. ದೃಷ್ಟಿ ಮಂಜಾದರೆ, ಕಣ್ಣು ನೋವು ಶುರುವಾದರೆ ನೇರ ಎಮರ್ಜೆನ್ಸಿಗೆ ಹೋಗಿ.

ಪ್ರಕಾಶ್: ಇಷ್ಟು ಉಪಯೋಗ ಇದ್ದರೆ ಎಲ್ಲ ಕ್ಲಿನಿಕ್ಕಿನಲ್ಲೂ ಸ್ಕ್ಯಾನ್ ಯಾಕಿಲ್ಲ?

ಮಂಜು: 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಇದೆಯಲ್ಲ. ಯಂತ್ರ ಇಡೋಕೆ ನೋಂದಣಿ ಬೇಕು.

ಪ್ರಕಾಶ್: ಮುಖ ನೋಡೋಕೆ ಆ ಕಾಯ್ದೆ ಯಾಕ್ರೀ?

ಮಂಜು: 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನ್ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದರು, ಮರೆತುಹೋಯಿತಾ?

ಪ್ರಕಾಶ್: ಕಳ್ಳರು ಮಾಡಿದ್ದಕ್ಕೆ ಚರ್ಮದ ಡಾಕ್ಟರ್‌ಗಳು ಅಲೆಯಬೇಕಾ?

ಮಂಜು: ಹೆಣ್ಣು ಮಕ್ಕಳ ಜೀವಕ್ಕಿಂತ ನಿಮಗೆ ಮೂಗು ಹೆಚ್ಚಾಯಿತಾ?

ಗೀತಾ: ಬೊಟಾಕ್ಸ್‌ಗೆ ಸ್ಕ್ಯಾನ್ ಬೇಕಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ವೀಣಾ: ಅರಿಶಿನ ಅಜ್ಜಿ ಕಾಲದಿಂದ ಇದೆ. ಡಾಕ್ಟರ್‌ಗಳಿಗೆ ಎಲ್ಲಕ್ಕೂ ಇಂಜೆಕ್ಷನ್ನೇ ಬೇಕು.

ಡಾಕ್ಟರ್: ಚರ್ಮ ಸಾಯುತ್ತಿರಬಹುದು ವೀಣಾ ಅವರೇ. ಅರಿಶಿನ ಮೆತ್ತಿದರೆ ಬಣ್ಣ ಬದಲಾಗಿದ್ದೂ ಗೊತ್ತಾಗಲ್ಲ. ಆ ಫಾರ್ವರ್ಡ್ ಇಲ್ಲಿ ಇನ್ನೊಮ್ಮೆ ಹಾಕಬೇಡಿ. ರಶ್ಮಿ, ಹೊರಟಿರಾ?

ಸುಮಾ: ಖರ್ಚು ಕೇಳಿದ್ದೆ...

ರಶ್ಮಿ: ಆಟೋದಲ್ಲಿದ್ದೇವೆ. ಫಿಲ್ಲರ್ ಡಬ್ಬಿ ಎಸೆದುಬಿಟ್ಟಿದ್ದಾರಂತೆ, ಹೆಸರೂ ಹೇಳುತ್ತಿಲ್ಲ.

ಡಾಕ್ಟರ್: ಅದಕ್ಕಾಗಿ ವಾಪಸ್ ಹೋಗಬೇಡಿ. ಯಾವ ಫಿಲ್ಲರ್ ಅನ್ನುವ ಸುಳಿವು ಸ್ಕ್ಯಾನಿನಲ್ಲೂ ಸಿಗುತ್ತದೆ. ಹೈಲುರಾನಿಕ್ ಕಪ್ಪಗೆ ಕಾಣುತ್ತದೆ, ಸಿಲಿಕೋನ್ ಬೆಳ್ಳಗೆ ಹರಡಿಕೊಂಡಿರುತ್ತದೆ. ಎಷ್ಟು ಗಂಟೆಗೆ ಚುಚ್ಚಿದ್ದು ಎಂದು ಅಲ್ಲಿ ಮೊದಲು ಹೇಳಿ.