ಕೀ ತೆಗೆದರೂ ಉಳಿಯುವ ವೋಲ್ಟೇಜ್: ಹೊಸದಾಗಿ ವೈರಿಂಗ್ ಮಾಡಿದ ಜೀಪಿನ ಅರ್ತ್ ತೊಂದರೆಗಳು

ಪ್ರಶ್ನೆ (ಸಕಲೇಶಪುರದ ಸದಸ್ಯರು):

ನಮಸ್ಕಾರ ಸರ್. ನಮ್ಮ ತೋಟದ ಹಳೆಯ ಡೀಸೆಲ್ ಜೀಪನ್ನು ಪೂರ್ತಿ ಬಿಚ್ಚಿ, ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿ, ಬಾಡಿಗೆ ಹೊಸ ಪೇಂಟ್ ಹೊಡೆಸಿ, ವೈರಿಂಗನ್ನು ಮೊದಲಿನಿಂದ ನಾನೇ ಮಾಡಿದ್ದೇನೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಚಾಸಿಗೆ ಹೋಗುತ್ತದೆ. ಚಾಸಿಯಿಂದ ಎಂಜಿನ್‌ಗೆ ತಾಮ್ರದ ಹೆಣೆದ ಪಟ್ಟಿಯೊಂದಿದೆ. ಈಗ ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಂದವಾಗಿ ಉರಿಯುತ್ತವೆ. ಹೆಡ್‌ಲೈಟ್ ಹಾಕಿದೊಡನೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಆದರೆ ರೇಡಿಯೇಟರಿನ ನೀರು ಅಷ್ಟು ಬಿಸಿಯಾಗಿರುವುದಿಲ್ಲ. ಬ್ಯಾಟರಿ ಹೊಸದಾದರೂ ಸೆಲ್ಫ್ ಹೊಡೆದಾಗ ಎಂಜಿನ್ ಸುಸ್ತಾದಂತೆ ತಿರುಗುತ್ತದೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿರುವುದೆಂದರೆ, ಕೀ ತೆಗೆದ ಮೇಲೂ ಇಗ್ನಿಷನ್ ಲೈನಿನಲ್ಲಿ (ಕೀ ಹಾಕಿದಾಗ ಮಾತ್ರ ಕರೆಂಟ್ ಬರಬೇಕಾದ ವೈರಿನಲ್ಲಿ) ಮಲ್ಟಿಮೀಟರ್ 3.6 ವೋಲ್ಟ್ ತೋರಿಸುತ್ತದೆ. ಎಲ್ಲ ಅರ್ತ್ ಪಾಯಿಂಟ್‌ಗಳನ್ನೂ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಜೋಡಣೆಗಳನ್ನು) ಮೀಟರಿನ ಕಂಟಿನ್ಯುಯಿಟಿಯಲ್ಲಿ, ಎಂದರೆ ದಾರಿ ಕಡಿಯದೆ ಇದ್ದರೆ ಬೀಪ್ ಎನ್ನುವ ಸ್ಥಾನದಲ್ಲಿ, ಪರೀಕ್ಷಿಸಿದ್ದೇನೆ; ಎಲ್ಲ ಕಡೆಯೂ ಬೀಪ್ ಬರುತ್ತದೆ. ಹಾಗಿದ್ದರೆ ದೋಷವೆಲ್ಲಿದೆ?

ಉತ್ತರ:

ನಮಸ್ಕಾರ. ತಾವು ಲಕ್ಷಣಗಳನ್ನು ಒಂದೊಂದಾಗಿ ಬಿಡಿಸಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಮೊದಲು ಆ ಬೀಪಿನ ಮೇಲಿನ ನಂಬಿಕೆಯನ್ನು ಬಿಡಬೇಕು. ಕಂಟಿನ್ಯುಯಿಟಿ ನೋಡುವಾಗ ಮೀಟರ್ ಕಳುಹಿಸುವ ಕರೆಂಟ್ ತೀರಾ ಅಲ್ಪ. ಕೇಬಲ್ಲಿನ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಡೀಸೆಲ್ ಎಂಜಿನ್ನಿನ ಸೆಲ್ಫ್ ಮೋಟಾರಾದರೋ ನೂರಾರು ಆಂಪಿಯರ್ ಎಳೆಯುತ್ತದೆ. 200 ಆಂಪಿಯರ್ ಹರಿಯುವ ದಾರಿಯಲ್ಲಿ 0.01 ಓಮ್ ರೆಸಿಸ್ಟೆನ್ಸ್ ಇದ್ದರೆ ಸಾಕು, 2 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಸಾಧಾರಣ ಮೀಟರಿನ ಪ್ರೋಬ್ ವೈರುಗಳ ರೆಸಿಸ್ಟೆನ್ಸೇ ಅದಕ್ಕಿಂತ ಹೆಚ್ಚಿರುವಾಗ ಆ 0.01 ಓಮ್ ಅದರ ಕಣ್ಣಿಗೆ ಬೀಳುವುದಾದರೂ ಹೇಗೆ? ಆದ್ದರಿಂದ ಅರ್ತನ್ನು ಯಾವಾಗಲೂ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು, ಓಮ್‌ನಲ್ಲಿ ಅಲ್ಲ, ವೋಲ್ಟ್‌ನಲ್ಲಿ ಅಳೆಯಬೇಕು.

ಹೀಗೆ ಮಾಡಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆಯೇ ಒತ್ತಿ ಹಿಡಿಯಿರಿ. ಕ್ಲ್ಯಾಂಪಿನ ಮೇಲೆ ಬೇಡ, ಏಕೆಂದರೆ ಕ್ಲ್ಯಾಂಪಿನ ಸಂಪರ್ಕವೇ ಸಡಿಲವಾಗಿರಬಹುದು. ಕೆಂಪು ಪ್ರೋಬನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ ಅಲ್ಲಿಯೇ ಮತ್ತೊಮ್ಮೆ ನೋಡಿ. ಕೊನೆಗೆ ಕೆಂಪು ಪ್ರೋಬನ್ನು ಬಾಡಿಗೆ ತಾಗಿಸಿ, ಎಂಜಿನ್ ಬಂದ್ ಇರುವಾಗ ಹೆಡ್‌ಲೈಟ್ ಹಾಕಿ ಅಳೆಯಿರಿ. ದೀಪಗಳ ಅರ್ತ್‌ನಲ್ಲಿ 0.1ರಿಂದ 0.2 ವೋಲ್ಟ್ ದಾಟಬಾರದು, ಸೆಲ್ಫ್ ಹೊಡೆಯುವಾಗ 0.5 ವೋಲ್ಟ್ ದಾಟಬಾರದು. ಇದರ ಜೊತೆಗೆ, ಸೆಲ್ಫ್ ಹೊಡೆದ ತಕ್ಷಣ, ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲನ್ನು ಮುಟ್ಟಿ ನೋಡಿ, ಅದು ಬೆಚ್ಚಗಾಗಿದೆಯೇ ತಿಳಿಸಿ.

3.6 ವೋಲ್ಟ್ ಬಗ್ಗೆ ಈಗಲೇ ಆತಂಕ ಬೇಡ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ, ಯಾವುದೋ ಎಲೆಕ್ಟ್ರಾನಿಕ್ ಉಪಕರಣದ ಒಳಗಿನಿಂದ ಅಥವಾ ತೇವ ಹಿಡಿದ ಕನೆಕ್ಟರಿನಿಂದ ಒಸರುವ ಅತ್ಯಲ್ಪ ಕರೆಂಟನ್ನೂ ಅದು ವೋಲ್ಟೇಜ್ ಎಂದು ತೋರಿಸುತ್ತದೆ. ಆ ವೈರಿಗೂ ಅರ್ತಿಗೂ ನಡುವೆ 5 ವಾಟಿನ ಬಲ್ಬಿರುವ ಟೆಸ್ಟ್ ಲ್ಯಾಂಪ್ ಹಾಕಿ, ಅದು ಹಾಗೆಯೇ ಇರುವಾಗ ಮೀಟರ್ ನೋಡಿ. ಬಲ್ಬ್ ಉರಿಯದೆ ರೀಡಿಂಗ್ ಸೊನ್ನೆಗೆ ಬಿದ್ದರೆ ಆ ವೋಲ್ಟೇಜಿಗೆ ಬಲವಿಲ್ಲವೆಂದು ತಿಳಿಯಿರಿ. ಈ ಟೆಸ್ಟ್ ಲ್ಯಾಂಪ್ ನಿಮ್ಮ ಹಳೆಯ ಜೀಪಿಗೆ ಸರಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಏರ್‌ಬ್ಯಾಗ್ ಇರುವ ಹೊಸ ವಾಹನಗಳ ವೈರುಗಳಿಗೆ ಇದನ್ನು ಯಾರೂ ಚುಚ್ಚಬೇಡಿ.

ಮರುಪ್ರಶ್ನೆ (ಸಕಲೇಶಪುರದ ಸದಸ್ಯರು):

ಸರ್, ತಾವು ಹೇಳಿದಂತೆಯೇ ಅಳೆದೆ. ಸೆಲ್ಫ್ ಹೊಡೆಯುವಾಗ ಬ್ಲಾಕಿನಲ್ಲಿ 3.1 ವೋಲ್ಟ್ ಬಂತು. ಎಂಜಿನ್ ಓಡುತ್ತ ಹೆಡ್‌ಲೈಟ್ ಹಾಕಿದಾಗ ಅಲ್ಲಿಯೇ ಮೈನಸ್ 0.4 ತೋರಿಸಿತು. ಪ್ರೋಬ್ ಅದಲುಬದಲು ಹಿಡಿದೆನೇ ಎಂದು ಮತ್ತೆ ನೋಡಿದೆ, ಸರಿಯಾಗಿಯೇ ಇತ್ತು. ಎಂಜಿನ್ ಬಂದ್ ಇರುವಾಗ ಬಾಡಿಯಲ್ಲಿ 0.9 ವೋಲ್ಟ್. ಸ್ಟಾಪ್ ಕೇಬಲ್ ನಿಜಕ್ಕೂ ಬಿಸಿಯಾಗಿತ್ತು. ಟೆಸ್ಟ್ ಲ್ಯಾಂಪ್ ಉರಿಯಲಿಲ್ಲ, 3.6 ವೋಲ್ಟ್ ಮಾಯವಾಯಿತು.

ಉತ್ತರ:

ಬಹಳ ಚೆನ್ನಾಗಿ ಅಳೆದಿದ್ದೀರಿ. ಆ ಮೈನಸ್ ಚಿಹ್ನೆ ತಪ್ಪಲ್ಲ, ಅದೇ ನಿಜವಾದ ಸುಳಿವು. ಸೆಲ್ಫ್ ಹೊಡೆಯುವಾಗ ಕರೆಂಟ್ ಬ್ಲಾಕಿನಿಂದ ಬ್ಯಾಟರಿಯ ಕಡೆಗೆ ಮರಳುತ್ತದೆ. ಎಂಜಿನ್ ಓಡತೊಡಗಿದ ಮೇಲೆ ವಿದ್ಯುತ್ ಕೊಡುವುದು ಆಲ್ಟರ್ನೇಟರ್. ಅದು ಕುಳಿತಿರುವುದು ಎಂಜಿನ್ನಿನ ಮೇಲೆ. ಹಾಗಾಗಿ ದೀಪಗಳ ಕರೆಂಟೂ ಬ್ಯಾಟರಿ ಚಾರ್ಜಿಂಗಿನ ಕರೆಂಟೂ ಈಗ ಚಾಸಿಯಿಂದ ಬ್ಲಾಕಿನ ಕಡೆಗೆ, ಎಂದರೆ ಎದುರು ದಿಕ್ಕಿಗೆ ಹರಿಯುತ್ತವೆ. ಎರಡು ದಿಕ್ಕಿನಲ್ಲಿಯೂ ನಷ್ಟವಾಗುತ್ತಿದೆ ಎಂದರೆ ಎಂಜಿನ್ ಮತ್ತು ಚಾಸಿಯ ನಡುವಿನ ಆ ಹೆಣೆದ ಪಟ್ಟಿ ಕರೆಂಟ್ ಹಾಯಲು ಬಿಡದ ಪೌಡರ್ ಕೋಟಿಂಗ್ ಮೇಲೆ ಕುಳಿತಿದೆ, ಬೋಲ್ಟಿನ ತಿರುಪಿನ ಸುತ್ತುಗಳ ಮೂಲಕ ಮಾತ್ರ ಅಷ್ಟಿಷ್ಟು ಸಂಪರ್ಕ ಸಿಗುತ್ತಿದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲಿರುವುದರಿಂದ ಅಲ್ಲಿಂದ ದಾರಿಯಿಲ್ಲ. ಸೆಲ್ಫಿನ ಕರೆಂಟ್ ಸ್ಟಾಪ್ ಕೇಬಲ್ ಮತ್ತು ಸ್ಪೀಡೋಮೀಟರ್ ಕೇಬಲ್ ಹಿಡಿದು ಬಾಡಿಗೆ ಬರುತ್ತಿದೆ. ಇದನ್ನು ಹಾಗೆಯೇ ಬಿಟ್ಟರೆ ಕೇಬಲ್ ಸುಟ್ಟು ಅಂಟಿಕೊಂಡು ಎಂಜಿನ್ ಬಂದ್ ಮಾಡಲು ಆಗದೇ ಹೋಗಬಹುದು. ದಯವಿಟ್ಟು ಸರಿಯಾಗುವವರೆಗೆ ಜೀಪನ್ನು ಘಟ್ಟದ ರಸ್ತೆಗೆ ಇಳಿಸಬೇಡಿ.

ಬಾಡಿಯಲ್ಲಿನ 0.9 ವೋಲ್ಟ್ ಬೇರೆಯೇ ದೋಷ. 55 ವಾಟಿನ ಎರಡು ಹೆಡ್‌ಲೈಟ್‌ಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಬಾಡಿಗೂ ಚಾಸಿಗೂ ನಡುವೆ 0.1 ಓಮ್ ಇದ್ದರೆ ಲೆಕ್ಕ ಸರಿಯಾಗಿ 0.9ಕ್ಕೆ ಬರುತ್ತದೆ. ಬಾಡಿ ರಬ್ಬರ್ ಪ್ಯಾಡ್‌ಗಳ ಮೇಲೆ ಕುಳಿತಿದೆ, ಅದರ ಬೋಲ್ಟುಗಳೂ ಬಣ್ಣದ ಮೇಲಿವೆ. ಟೆಂಪರೇಚರ್ ಮುಳ್ಳು ಏರುವುದೂ ಇದರಿಂದಲೇ. ಗೇಜ್ ತನ್ನ ಅರ್ತನ್ನು ಬಾಡಿಯಿಂದ ಪಡೆಯುತ್ತದೆ, ಸೆನ್ಸರ್ ಎಂಜಿನ್ ಬ್ಲಾಕಿನಿಂದ ಪಡೆಯುತ್ತದೆ. ಎಂಜಿನ್ ಓಡುವಾಗ ಬ್ಲಾಕ್ 0.4 ಕೆಳಗೆ, ಬಾಡಿ 0.9 ಮೇಲೆ; ಎರಡಕ್ಕೂ ನಡುವೆ 1.3 ವೋಲ್ಟ್ ಅಂತರವಿರುವಾಗ ಗೇಜ್ ಅದನ್ನೇ ಬಿಸಿ ಎಂದು ತೋರಿಸುತ್ತದೆ.

ಬ್ರೇಕ್ ತುಳಿದಾಗ ಡ್ಯಾಶ್‌ಬೋರ್ಡ್ ಬೆಳಗುವುದು ಹಿಂದಿನ ದೀಪದ ಅರ್ತ್ ಪೂರ್ತಿ ತಪ್ಪಿರುವುದರ ಗುರುತು. ಅಲ್ಲಿರುವುದು 21/5 ವಾಟಿನ ಬಲ್ಬ್, ಅದರೊಳಗೆ ಉರಿಯುವ ಎರಡು ತಂತಿಗಳಿಗೆ (ಫಿಲಮೆಂಟುಗಳಿಗೆ), ಎಂದರೆ ಬ್ರೇಕಿನ 21 ಮತ್ತು ಪಾರ್ಕಿಂಗಿನ 5 ವಾಟಿಗೆ, ಅರ್ತ್ ಒಂದೇ. ಆ ಅರ್ತ್ ಇಲ್ಲದಾಗ ಬ್ರೇಕಿನ ಕರೆಂಟ್ 21 ವಾಟಿನ ಫಿಲಮೆಂಟ್ ದಾಟಿ, 5 ವಾಟಿನ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಪಾರ್ಕಿಂಗ್ ಲೈಟಿನ ವೈರ್ ಹಿಡಿದು ಡ್ಯಾಶ್‌ಬೋರ್ಡಿನ ಬಲ್ಬುಗಳ ಮೂಲಕ ಅರ್ತ್ ಹುಡುಕಿಕೊಳ್ಳುತ್ತದೆ. ದೀಪದ ಹಿಂದೆ ರಬ್ಬರ್ ಗ್ಯಾಸ್ಕೆಟ್, ಸ್ಕ್ರೂ ಕೆಳಗೆ ಹೊಸ ಪೇಂಟ್: ಅರ್ತ್ ಬರುವ ದಾರಿಯೇ ಅಲ್ಲಿಲ್ಲ.

ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಥಿಂಬಲ್ (ಕೇಬಲ್ ತುದಿಗೆ ಒತ್ತುವ ಲೋಹದ ಬಳೆ) ಕೂರುವಷ್ಟೇ ಅಗಲಕ್ಕೆ ಪೌಡರ್ ಕೋಟಿಂಗನ್ನು ಕೆರೆದು, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಶರ್ ಹಾಕಿ ಬಿಗಿಗೊಳಿಸಿ. ತುಕ್ಕು ತಡೆಯುವ ಬಣ್ಣವನ್ನು ಬಿಗಿ ಮಾಡಿದ ಮೇಲೆ ಹೊರಗಿನಿಂದ ಹಚ್ಚಬೇಕು, ಎಂದಿಗೂ ಮೊದಲಲ್ಲ. ಎಂಜಿನ್‌ಗೆ ಬ್ಯಾಟರಿ ಕೇಬಲ್ಲಿನಷ್ಟೇ ದಪ್ಪದ ಕೇಬಲ್ ಇರಲಿ. ಬಾಡಿಗೆ ಚಾಸಿಯಿಂದ ಬೇರೆಯೇ ದಪ್ಪ ಕೇಬಲ್ ಕೊಡಿ. ಹಿಂದಿನ ಎರಡೂ ದೀಪಗಳಿಗೆ ಸ್ಕ್ರೂವನ್ನು ನಂಬದೆ ಕಪ್ಪು ವೈರ್ ಎಳೆದು ಚಾಸಿಗೆ ಕಟ್ಟಿ. 3.6 ವೋಲ್ಟಿನ ಮೂಲ ತಿಳಿಯಬೇಕಿದ್ದರೆ ಮ್ಯೂಸಿಕ್ ಸಿಸ್ಟಮ್ಮಿನ ಫ್ಯೂಸ್ ತೆಗೆದು ನೋಡಿ.

ಇನ್ನೊಬ್ಬ ಸದಸ್ಯರು (ಕುಂದಾಪುರ):

ಇಷ್ಟೆಲ್ಲ ಕೆರೆಯುವ ಬದಲು ಪ್ರತಿಯೊಂದು ಉಪಕರಣದಿಂದಲೂ ಬ್ಯಾಟರಿಯ ನೆಗೆಟಿವ್‌ಗೆ ನೇರವಾಗಿ ತೆಳು ವೈರ್ ಎಳೆದರೆ ಆಗುವುದಿಲ್ಲವೇ? ನಮ್ಮ ಕಡೆ ಉಪ್ಪುಗಾಳಿಗೆ ಬಾಡಿ ಅರ್ತ್ ನಿಲ್ಲುವುದೇ ಇಲ್ಲ.

ಉತ್ತರ:

ದೀಪಗಳಿಗೆ ಹಾಗೆ ಎಳೆಯುವುದು ತಪ್ಪಲ್ಲ, ಕರಾವಳಿಯಲ್ಲಿ ಒಳ್ಳೆಯದೇ. ಆದರೆ ಎಂಜಿನ್ನಿನ ದಪ್ಪ ಅರ್ತನ್ನು ಸರಿಪಡಿಸುವ ಮೊದಲು ಎಂಜಿನ್ ಮೇಲಿನ ಯಾವುದೇ ಉಪಕರಣದಿಂದ ಬ್ಯಾಟರಿಗೆ ತೆಳು ವೈರ್ ಕಟ್ಟಬೇಡಿ. ಸೆಲ್ಫ್ ಹೊಡೆದಾಗ ಆ ಕರೆಂಟೆಲ್ಲ ಆ ತೆಳು ವೈರಿಗೆ ನುಗ್ಗಿ ಇನ್ಸುಲೇಷನ್ ಕರಗುತ್ತದೆ. ಅರ್ತ್ ವೈರಿನಲ್ಲಿ ಫ್ಯೂಸ್ ಇರುವುದಿಲ್ಲವಾದ್ದರಿಂದ ತಡೆಯುವವರೂ ಇಲ್ಲ. ನಿಮ್ಮ ಕಡೆ ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಗಾಗಿದ್ದರೆ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿಯೇ ಥಿಂಬಲ್ ಒತ್ತಿ.

ಮತ್ತೊಂದು ಪ್ರಶ್ನೆ (ಹುಬ್ಬಳ್ಳಿ):

ನನ್ನ ಜೀಪಿನಲ್ಲಿ ಡೀಸೆಲ್ ತಡೆಯಲು ಸೊಲೆನಾಯ್ಡ್ ಇದೆ (ಕರೆಂಟ್ ಇರುವವರೆಗೆ ಡೀಸೆಲ್ ಬಿಟ್ಟು, ಕರೆಂಟ್ ಹೋದಾಗ ತಡೆಯುವ ವಿದ್ಯುತ್ ಕವಾಟ). ಹೊಸ ವೈರಿಂಗ್ ಆದ ಮೇಲೆ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ಚಾರ್ಜಿಂಗ್ ದೀಪ ಮಂದವಾಗಿ ಉರಿಯುತ್ತಿರುತ್ತದೆ. ಕೀ ಸ್ವಿಚ್ ಬದಲಾಯಿಸಿದರೂ ಹಾಗೆಯೇ ಇದೆ.

ಉತ್ತರ:

ಸ್ವಿಚ್ಚಿನ ದೋಷವಲ್ಲ. ಕೀ ತೆಗೆದ ಮೇಲೂ ಎಂಜಿನ್ ತಿರುಗುತ್ತಿರುವವರೆಗೆ ಆಲ್ಟರ್ನೇಟರ್ ತನ್ನ ಚಾರ್ಜಿಂಗ್ ದೀಪದ ಟರ್ಮಿನಲ್ಲಿನಿಂದ ವೋಲ್ಟೇಜ್ ಕೊಡುತ್ತಲೇ ಇರುತ್ತದೆ. ಅದು ದೀಪದ ಮೂಲಕ ಹಿಂದಕ್ಕೆ ಹರಿದು ಇಗ್ನಿಷನ್ ಲೈನಿಗೆ ಬಂದು ಸೊಲೆನಾಯ್ಡನ್ನು ಹಿಡಿದಿಡುತ್ತದೆ. ಇದು ಮೇಲಿನ 3.6 ವೋಲ್ಟಿನಂತೆ ಬಲವಿಲ್ಲದ್ದಲ್ಲ. ಆ ದೀಪದ ವೈರಿನಲ್ಲಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಒಂದನ್ನು, ಬಿಳಿ ಪಟ್ಟಿ ಆಲ್ಟರ್ನೇಟರಿನ ಕಡೆಗಿರುವಂತೆ ಸೇರಿಸಿ. 3 ವಾಟಿನ ಬಲ್ಬ್ ಎಳೆಯುವುದು 0.25 ಆಂಪಿಯರ್, ಡಯೋಡ್ 1 ಆಂಪಿಯರ್ ತಾಳುತ್ತದೆ. ಬಲ್ಬಿನ ಬದಲು ಎಲ್‌ಇಡಿ ಹಾಕಬೇಡಿ. ಅದರ ಕರೆಂಟ್ ಸಾಲದೆ ಆಲ್ಟರ್ನೇಟರ್ ಚಾರ್ಜ್ ಮಾಡಲು ಆರಂಭಿಸದೇ ಇರಬಹುದು. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಸಮಾನಾಂತರವಾಗಿ 47 ಓಮ್, 5 ವಾಟಿನ ರೆಸಿಸ್ಟರ್ ಕೊಡಿ.

ಸಕಲೇಶಪುರದ ಸದಸ್ಯರು:

ಸರ್, ಕೆಲಸ ಮುಗಿಸಿದೆ. ಸೆಲ್ಫ್ ಹೊಡೆಯುವಾಗ 0.2, ಬಾಡಿಯಲ್ಲಿ 0.05 ವೋಲ್ಟ್. ಮುಳ್ಳು ಅಲುಗುತ್ತಿಲ್ಲ, ಡ್ಯಾಶ್‌ಬೋರ್ಡೂ ಬೆಳಗುತ್ತಿಲ್ಲ. ಮ್ಯೂಸಿಕ್ ಸಿಸ್ಟಮ್ಮಿನ ಫ್ಯೂಸ್ ತೆಗೆದಾಗ 3.6 ವೋಲ್ಟ್ ಹೋಯಿತು. ಫ್ಯೂಸನ್ನು ಮತ್ತೆ ಹಾಕಬಹುದೇ?

ಉತ್ತರ:

ಹಾಕಬಹುದು. ಹಾಕಿದ ಮೇಲೆ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ನೋಡಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ, ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಮೀಟರ್ ಹೀಗೆ ಸೇರಿಸಿರುವಾಗ ಯಾರೂ ಸೆಲ್ಫ್ ಹೊಡೆಯದಂತೆ ಕೀಯನ್ನು ತಮ್ಮ ಜೇಬಿನಲ್ಲಿಟ್ಟುಕೊಳ್ಳಿ.