‘ಗ್ಯಾಸ್ ಚೆಕ್’ ಎಂಬುದಕ್ಕೆ ‘ಅಣಸು’ ಸಲ್ಲುತ್ತದೆಯೇ?

ಮಾನ್ಯರೆ,

ಎರಡು ಪದಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನೆಲೆಸಿರುವ ನನ್ನ ಭಾವನವರು ತಮ್ಮ ರೈಫಲ್ಲಿಗೆ ಬೇಕಾದ ಸೀಸದ ಗುಂಡುಗಳನ್ನು ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮಾಡಲಾಗದ ಈ ಕೆಲಸ ಅಲ್ಲಿ ಬಹಳ ಜನರ ಹವ್ಯಾಸ. ಭಾವನವರು ಹುಟ್ಟಿ ಬೆಳೆದದ್ದು ಸೋಮವಾರಪೇಟೆಯ ಕಡೆ. ಕೇಪಿನ ಕೋವಿ, ತೋಟೆ ಕೋವಿಗಳ ಮಾತನ್ನು ಕೇಳುತ್ತಲೇ ದೊಡ್ಡವರಾದವರು. ಈ ಎರಕದ ಕೆಲಸದ ಬಗ್ಗೆ ಅವರು ಕನ್ನಡದಲ್ಲಿ ಬರೆದಿರುವ ಲೇಖನವನ್ನು ತಿದ್ದಿಕೊಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಗುಂಡು, ತೋಟೆ, ಮದ್ದು, ಕೇಪು, ನಳಿಗೆ, ಈಡು ಎಲ್ಲವೂ ಅವರ ಬರಹದಲ್ಲಿ ಸಲೀಸಾಗಿ ಬಂದಿವೆ. ಗುಂಡು, ಮದ್ದು, ಕೇಪು ಎಲ್ಲ ಸೇರಿದ ಇಡೀ ತೋಟೆಗೆ ‘ಜೀವಂತ ಗುಂಡು’ ಎಂದು ಬರೆಯುವ ಪತ್ರಿಕೆಗಳಿಗಿಂತ ಅವರ ಕನ್ನಡ ಹೆಚ್ಚು ಖಚಿತವಾಗಿದೆ ಎಂದೇ ಹೇಳಬೇಕು. ತೊಡಕಾಗಿರುವುದು ಗುಂಡಿಗೆ ಬಣ್ಣದ ಪುಡಿಯ ಪೊರೆ ಹಿಡಿಸುವ ‘ಪೌಡರ್ ಕೋಟಿಂಗ್’ ಮತ್ತು ಗುಂಡಿನ ಬುಡಕ್ಕೆ ತೊಡಿಸುವ ತಾಮ್ರದ ಪುಟ್ಟ ಬಟ್ಟಲಾದ ‘ಗ್ಯಾಸ್ ಚೆಕ್’ ಎಂಬ ಎರಡರಲ್ಲಿ ಮಾತ್ರ.

ಮೊದಲನೆಯದು ಬೇಗ ಮುಗಿಯುವ ಮಾತು. ಮನೆಯ ಗೇಟು, ಕಿಟಕಿಯ ಗ್ರಿಲ್ಲು ಮಾಡಿಸಿದವರೆಲ್ಲರೂ ಪೌಡರ್ ಕೋಟಿಂಗ್ ಎಂಬ ಮಾತನ್ನು ಕೇಳಿರುತ್ತಾರೆ, ಪೀಣ್ಯದ ಬೀದಿಗಳಲ್ಲಿ ಅದರ ಫಲಕಗಳನ್ನು ನೋಡಿರುತ್ತಾರೆ. ಗುಂಡಿನ ವಿಷಯದಲ್ಲಿಯೂ ಅದೇ ಪಾಲಿಯೆಸ್ಟರ್ ಬಣ್ಣದ ಪುಡಿ. ತಣಿದ ಗುಂಡುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಣ್ಣ ಪ್ಲಾಸ್ಟಿಕ್ ಕಾಳುಗಳ ಜೊತೆಗೆ ಹಾಕಿ, ಒಂದೆರಡು ಚಮಚ ಪುಡಿ ಸೇರಿಸಿ ಕುಲುಕಿದರೆ, ಉಜ್ಜಾಟದಿಂದ ಹುಟ್ಟುವ ಸ್ಥಾಯಿ ವಿದ್ಯುತ್ತಿನಿಂದ ಪುಡಿ ಗುಂಡಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ, ಅಡುಗೆಗೆ ಎಂದೂ ಬಳಸದ ಬೇರೆ ಓವನ್ನಿನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 20 ನಿಮಿಷ ಇಟ್ಟರೆ ಪುಡಿ ಕರಗಿ, ಹರಡಿ, ಗಟ್ಟಿಯಾದ ಪೊರೆಯಾಗುತ್ತದೆ. ಬರಿಯ ಸೀಸ ಕರಗುವುದು ಸುಮಾರು 327 ಡಿಗ್ರಿಯಲ್ಲಿ; ಗುಂಡಿನ ಬೆರಕೆ ಸೀಸ ಅದಕ್ಕಿಂತ ಕಡಿಮೆ ಕಾವಿನಲ್ಲಿ ಕರಗಿದರೂ 200 ಡಿಗ್ರಿಯಲ್ಲಿ ಕರಗದಾದ್ದರಿಂದ ಗುಂಡಿನ ಆಕಾರ ಕೆಡುವುದಿಲ್ಲ. ಹಿಂದೆ ಜೇನುಮೇಣ ಬೆರೆಸಿದ ಜಿಡ್ಡನ್ನು ಗುಂಡಿನ ಮೈಯ ಗೀರುಗಳಲ್ಲಿ ತುಂಬುತ್ತಿದ್ದರು; ನಳಿಗೆಗೆ ಸೀಸ ಮೆತ್ತಿಕೊಳ್ಳದಂತೆ ಅದು ಮಾಡುತ್ತಿದ್ದ ಕೆಲಸವನ್ನು ಈಗ ಈ ಪೊರೆ ಮಾಡುತ್ತದೆ.

ಇಲ್ಲಿರುವ ಅಪಾಯವೆಂದರೆ ‘ಪೌಡರ್’ ಎಂಬ ಮಾತು. ಕೋವಿಯ ಸಂದರ್ಭದಲ್ಲಿ ಪೌಡರ್ ಎಂದೊಡನೆ ಓದುಗನ ಮನಸ್ಸಿಗೆ ಬರುವುದು ಮದ್ದು. ಭಾವನವರ ಲೇಖನದ ಮೊದಲ ಪ್ರತಿಯಲ್ಲಿ, ಯಾವುದೋ ಅನುವಾದ ಯಂತ್ರದ ಕೃಪೆಯಿಂದ, ‘ಗುಂಡಿಗೆ ಮದ್ದಿನ ಲೇಪನ ಕೊಟ್ಟು ಓವನ್ನಿನಲ್ಲಿ ಬೇಯಿಸಬೇಕು’ ಎಂಬ ವಾಕ್ಯ ಸೇರಿಕೊಂಡಿತ್ತು. ಯಾರಾದರೂ ಅದನ್ನು ನಂಬಿ ನಡೆದಿದ್ದರೆ ಏನಾಗುತ್ತಿತ್ತೆಂದು ನೆನೆದು ನನಗೆ ಮೈ ಜುಮ್ಮೆಂದಿತು. ಪದವೊಂದರ ಆಯ್ಕೆಯಲ್ಲಿ ಇಷ್ಟು ಎಚ್ಚರ ಬೇಕಾಗುತ್ತದೆ. ಆದ್ದರಿಂದ ‘ಪೌಡರ್ ಕೋಟಿಂಗ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ಮೊದಲ ಸಲ ಬಂದಾಗ ‘ಬಣ್ಣದ ಪುಡಿಯನ್ನು ಸುಟ್ಟು ಕೂರಿಸುವುದು’ ಎಂದು ಬಿಡಿಸಿ ಬರೆದು, ‘ಮದ್ದು’ ಎಂಬ ಪದವನ್ನು ಸಿಡಿಮದ್ದಿಗೆ ಮಾತ್ರ ಮೀಸಲಿಡುವುದು ಒಳ್ಳೆಯದೆಂದು ನನ್ನ ಅನಿಸಿಕೆ. ‘ಕಲಾಯಿ’ ಎನ್ನಬಹುದಲ್ಲ ಎಂದು ಒಬ್ಬ ಗೆಳೆಯರು ಸೂಚಿಸಿದರು. ಕಾವು ಕೊಟ್ಟು ಪೊರೆ ಹಿಡಿಸುವ ಕ್ರಮದಲ್ಲಿ ಹೋಲಿಕೆ ಇದೆಯಾದರೂ, ಕಲಾಯಿ ಎಂದರೆ ತವರದ್ದೇ ಎಂಬ ಅರ್ಥ ಗಟ್ಟಿಯಾಗಿ ನಿಂತುಬಿಟ್ಟಿದೆ.

ಸೀಸದ ಮಾತು ಬಂದದ್ದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ಬರಿಯ ಸೀಸ ಮೆದುವಾದ್ದರಿಂದ ರೈಫಲ್ಲಿನ ಗುಂಡಿಗೆ ತವರ ಮತ್ತು ಆಂಟಿಮನಿ ಬೆರೆಸುತ್ತಾರೆ. ಇದಕ್ಕಾಗಿ ಅಲ್ಲಿಯವರು ಹುಡುಕಿಕೊಂಡು ಹೋಗಿ ಕೊಳ್ಳುವುದು ಹಳೆಯ ಮುದ್ರಣಾಲಯಗಳ ಲೈನೋಟೈಪ್ ಲೋಹವನ್ನು. ಅದರಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ ಇರುತ್ತದೆ. ನಮ್ಮ ಅಚ್ಚುಮೊಳೆಗಳೂ ಇದೇ ಬಗೆಯ ಬೆರಕೆ ಲೋಹದವು. ‘ಅಚ್ಚು’ ಎಂಬ ಒಂದೇ ಪದ ಎರಕದ ಮೂಸೆಯ ಪಕ್ಕದಲ್ಲಿಯೂ ಪುಸ್ತಕದ ಪುಟದಲ್ಲಿಯೂ ನಿಲ್ಲುತ್ತದೆ ಎಂಬುದು ಮೊಳೆ ಜೋಡಿಸುತ್ತಿದ್ದವರ ಮನೆಯಲ್ಲಿ ಬೆಳೆದ ನನಗೆ ಬಹಳ ಆಪ್ತವಾದ ಸಂಗತಿ.

ಈಗ ‘ಗ್ಯಾಸ್ ಚೆಕ್’. ಕನ್ನಡದ ಮನೆಯಲ್ಲಿ ಈ ಮಾತನ್ನು ಹೇಳಿದರೆ ಅಡುಗೆಮನೆಯ ಸಿಲಿಂಡರಿನ ಕಡೆಗೆ ಕಣ್ಣು ಹೋಗುತ್ತದೆ. ‘ಅನಿಲ ತಪಾಸಣೆ’ ಎಂದರಂತೂ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಇಲ್ಲಿ ಚೆಕ್ ಎಂದರೆ ತಡೆ. ಈ ಅರ್ಥ ನಮಗೆ ಹೊಸದಲ್ಲ. ಹಳ್ಳದ ನೀರನ್ನು ತಡೆದು ನಿಲ್ಲಿಸುವ ಚೆಕ್ ಡ್ಯಾಮನ್ನು ಅರಿಯದ ರೈತರು ನಮ್ಮಲ್ಲಿಲ್ಲ. 1870ರ ದಶಕದಲ್ಲಿ ಬ್ರಿಟಿಷರು ಬಾಯಿಯಿಂದ ಮದ್ದು ತುಂಬುವ ಫಿರಂಗಿಗಳ ಗುಂಡಿನ ಬುಡಕ್ಕೆ ತಾಮ್ರದ ತಟ್ಟೆಯನ್ನು ಸೇರಿಸಿ, ಗುಂಡಿನ ಪಕ್ಕದಿಂದ ನುಗ್ಗಿ ನಳಿಗೆಯ ಒಳಮೈಯನ್ನು ಕೊರೆಯುತ್ತಿದ್ದ ಉರಿಗಾಳಿಯನ್ನು, ಅಂದರೆ ಮದ್ದು ಉರಿದು ಹುಟ್ಟುವ ಅನಿಲವನ್ನು, ತಡೆಯುತ್ತಿದ್ದರು. ಅದಕ್ಕೂ ಇದೇ ಹೆಸರಿತ್ತು. ರೈಫಲ್ಲಿನ ಸೀಸದ ಗುಂಡಿನಲ್ಲಿಯೂ ಅದರದು ಅದೇ ಕೆಲಸ. ವೀಡಿಯೊ ಕರೆಯಲ್ಲಿ ಭಾವನವರು ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದರು: ಅಂಗಿಯ ಗುಂಡಿಗಿಂತ ಚಿಕ್ಕದಾದ, ಅಂಚು ಮೇಲಕ್ಕೆ ಮಡಿಸಿದ ತಾಮ್ರದ ಪುಟಾಣಿ ಬಟ್ಟಲು. ಗುಂಡಿನ ಬುಡವನ್ನು ಅದು ಕೂರುವಷ್ಟು ಸಣ್ಣಗೆ ಎರಕ ಹೊಯ್ದಿರುತ್ತಾರೆ. ಬಟ್ಟಲನ್ನು ಅಲ್ಲಿಗೆ ತೊಡಿಸಿ, ಅಳತೆಯ ತೂತಿನಲ್ಲಿ ಗುಂಡನ್ನು ಒತ್ತಿ ದಾಟಿಸಿದಾಗ ಅದರ ಅಂಚು ಸೀಸವನ್ನು ಕಚ್ಚಿಕೊಳ್ಳುತ್ತದೆ. ವೇಗ ಹೆಚ್ಚಾದಾಗ ಉರಿಗಾಳಿಯ ಏಟನ್ನು ಸೀಸದ ಬದಲು ತಾಮ್ರ ತಾಳಿಕೊಳ್ಳುತ್ತದೆ.

‘ಅನಿಲತಡೆ’, ‘ಬುಡಬಿಲ್ಲೆ’, ‘ಅಡಿಬಟ್ಟಲು’ ಎಲ್ಲವನ್ನೂ ಬರೆದು ನೋಡಿದೆ. ‘ಅನಿಲತಡೆ’ ಕೆಲಸವನ್ನು ಹೇಳುತ್ತದೆ, ಆದರೆ ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ. ‘ಅಡಿಬಟ್ಟಲು’ ರೂಪವನ್ನು ತೋರಿಸಿ ಕೆಲಸವನ್ನು ಬಿಡುತ್ತದೆ. ಹೀಗೆ ತಡಕಾಡುತ್ತಿದ್ದಾಗ ನೆನಪಾದದ್ದು ನಮ್ಮ ಅಟ್ಟದ ಮೇಲಿನ ಒನಕೆ. ಅದರ ತುದಿಗೆ ತೊಡಿಸಿದ ಕಬ್ಬಿಣದ ಬಳೆಗೆ ನಮ್ಮ ಮನೆಯಲ್ಲಿ ‘ಅಣಸು’ ಎನ್ನುತ್ತಿದ್ದರು. ಇಳಿಸಿ ನೋಡಿದೆ: ಅಣಸಿನ ಅಂಚು ಕುಟ್ಟಿ ಕುಟ್ಟಿ ಕನ್ನಡಿಯಂತೆ ನುಣುಪಾಗಿದೆ, ಮೇಲೆ ಮರಕ್ಕೆ ಕೂದಲೆಳೆಯ ಬಿರುಕು ಬಂದಿದ್ದರೂ ತುದಿ ಸೀಳಿಲ್ಲ. ಮೆದುವಾದ ಮೈಯ ತುದಿಯನ್ನು ಏಟಿನಿಂದ ಕಾಪಾಡಲು ತೊಡಿಸಿದ ಗಟ್ಟಿ ಲೋಹ ಎಂಬ ಅರ್ಥ ಇದರಲ್ಲಿ ತಾನಾಗಿಯೇ ಇದೆ. ‘ಗುಂಡಿಗೆ ತಾಮ್ರದ ಅಣಸು ತೊಡಿಸು’, ‘ಅಣಸಿಲ್ಲದ ಗುಂಡನ್ನು ನಿಧಾನ ವೇಗಕ್ಕೆ ಮಾತ್ರ ಬಳಸು’ ಎಂಬ ವಾಕ್ಯಗಳು ನನ್ನ ಕಿವಿಗೆ ಸಹಜವಾಗಿ ಕೇಳಿಸುತ್ತವೆ.

ಆದರೆ ಅಣಸು ಬಳೆಯಂತೆ ತೆರೆದಿರುತ್ತದೆ, ಗ್ಯಾಸ್ ಚೆಕ್ಕಿನ ತಳ ಮುಚ್ಚಿರುತ್ತದೆ. ಈ ವ್ಯತ್ಯಾಸ ಪದವನ್ನು ಕೆಡಿಸುವಷ್ಟು ದೊಡ್ಡದೇ ಎಂಬುದು ನನ್ನ ಮೊದಲ ಪ್ರಶ್ನೆ. ಕೋಲಿನ ತುದಿಗೋ ಉಪಕರಣದ ಹಿಡಿಗೋ ಹಾಕುವ, ತಳ ಮುಚ್ಚಿದ ಲೋಹದ ಟೋಪಿಗೂ ನಿಮ್ಮ ಕಡೆ ಅಣಸು ಎನ್ನುತ್ತಾರೆಯೇ, ಅಥವಾ ಬೇರೆ ಹೆಸರಿದೆಯೇ? ಧಾರವಾಡ, ಕಲಬುರಗಿಯ ಕಡೆಯವರು ಮತ್ತು ಕರಾವಳಿಯವರು ತಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ಅದರ ಜೊತೆಗೆ ಬಳಸುವ ಕ್ರಿಯಾಪದ ಯಾವುದೆಂಬುದನ್ನೂ, ಅಂದರೆ ಅಣಸು ‘ತೊಡಿಸುತ್ತಾರೆಯೋ’, ‘ಹೊಡೆಯುತ್ತಾರೆಯೋ’, ‘ಕಟ್ಟುತ್ತಾರೆಯೋ’ ಎಂಬುದನ್ನೂ, ದಯವಿಟ್ಟು ಬರೆಯಿರಿ. ಲೇಖನದಲ್ಲಿ ಆ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.